ಭತ್ತದ ರೇಟು ಏರಿತು, ಮಂಡಕ್ಕಿ ರೇಟು ಏರಲಿಲ್ಲ: ಭಟ್ಟಿಯಲ್ಲಿ ಲಾಭ ಸೋರುವುದು ಎಲ್ಲಿ?

ಭಟ್ಟಿಮನೆ, ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ಮಂಡಕ್ಕಿ ಭಟ್ಟಿ ಏರಿಯಾದಲ್ಲಿ ನಮ್ಮದೊಂದು ಸಣ್ಣ ಭಟ್ಟಿ ಇದೆ. ಅಪ್ಪನ ಕಾಲದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಭತ್ತ ನೆನೆಹಾಕುವುದು, ಬೇಯಿಸುವುದು, ಒಣಗಿಸುವುದು, ಉಪ್ಪು ಹಚ್ಚಿ ಹುರಿಯುವುದು ಎಲ್ಲಾ ನಮ್ಮಲ್ಲೇ. ಅಕ್ಕಿ ಮಾಡಿಸುವುದು ಮಾತ್ರ ಹೊರಗಿನ ಮಿಲ್ಲಿನಲ್ಲಿ.

ವ್ಯಾಪಾರ ಕಡಿಮೆಯಾಗಿಲ್ಲ. ಚೀಲ ಹೋಗುತ್ತಲೇ ಇವೆ. ಆದರೆ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಭತ್ತದ ರೇಟು, ಕೂಲಿ, ಹೊಟ್ಟಿನ ರೇಟು ಎಲ್ಲಾ ಏರಿದೆ. ಮಂಡಕ್ಕಿಗೆ ಸೇರಿಗೆ ಒಂದು ರೂಪಾಯಿ ಏರಿಸಿದರೂ ಗಿರಾಕಿ ಪಕ್ಕದ ಭಟ್ಟಿಗೆ ಹೋಗುತ್ತಾನೆ. ಒಬ್ಬರು ಆಟೋಮ್ಯಾಟಿಕ್ ಹುರಿಯುವ ಮಶೀನ್ ತೋರಿಸಿ, 'ಇದು ಹಾಕಿಸಿ, ವೇಸ್ಟೇಜೇ ಇರಲ್ಲ' ಅನ್ನುತ್ತಿದ್ದಾರೆ. ಬ್ಯಾಂಕ್ ಸಾಲ ತೆಗೆಯಬೇಕಾಗುತ್ತದೆ. ತೆಗೆಯಲಾ ಬೇಡವಾ? ಕಾರ್ಖಾನೆ ನಡೆಸುವವರು ಹೇಳಿ.

ಹರಿಹರದ ಲೇತ್:
ತಮ್ಮಾ, ಮಶೀನ್ ಆಮೇಲೆ. ಮೊದಲು ತಕ್ಕಡಿ.

ನಾನು ಹರಿಹರದಲ್ಲಿ ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಕಾಲದಲ್ಲಿ ಕೆಲಸ ಕಲಿತವನು. 1941ರಲ್ಲಿ ಶುರುವಾದ ಕಾರ್ಖಾನೆ ಅದು. ಈಗ ನಂದೇ ಒಂದು ಸಣ್ಣ ವರ್ಕ್‌ಶಾಪ್. ಮಂಡಕ್ಕಿ ತಿನ್ನೋದು ಬಿಟ್ಟರೆ ಮಂಡಕ್ಕಿ ಬಗ್ಗೆ ನನಗೆ ಗೊತ್ತಿಲ್ಲ. ಆದರೆ ಯಾವ ಕಾರ್ಖಾನೆಗೂ ಒಂದೇ ಪ್ರಶ್ನೆ: ಒಳಗೆ ಎಷ್ಟು ಕಿಲೋ ಹೋಯಿತು, ಹೊರಗೆ ಎಷ್ಟು ಕಿಲೋ ಬಂತು, ಮಧ್ಯದ್ದು ಎಲ್ಲಿ ಹೋಯಿತು?

ಒಂದು ಕ್ವಿಂಟಾಲ್ ಒಣ ಭತ್ತ ಮಿಲ್ಲಿಗೆ ಹಾಕಿದರೆ ಸುಮಾರು 20 ಕಿಲೋ ಹೊಟ್ಟು. ತೌಡು ಒಂದು 7-8 ಕಿಲೋ. ಉಳಿದದ್ದು ಅಕ್ಕಿ ಮತ್ತು ನುಚ್ಚು. ಇದು ಎಲ್ಲರಿಗೂ ಗೊತ್ತಿರುವ ಲೆಕ್ಕ. ನಿನಗೆ ಇಡೀ ಅಕ್ಕಿ ಎಷ್ಟು ಸಿಗುತ್ತಿದೆ? ನುಚ್ಚು ಎಷ್ಟು? ಹುರಿದ ಮೇಲೆ ಅರಳದೆ ಉಳಿದ ಕಾಳು ಎಷ್ಟು? ಈ ಮೂರಕ್ಕೂ ಉತ್ತರ ಕೊಡು. ಅಂದಾಜು ಬೇಡ, ತೂಗಿದ್ದು ಬೇಕು. ಆಮೇಲೆ ಮಶೀನ್ ಮಾತು.

ಭಟ್ಟಿಮನೆ, ದಾವಣಗೆರೆ:
ಕಾಕಾ, ಕೇಳಿದ ತಕ್ಷಣ ಹೇಳುವಷ್ಟು ಲೆಕ್ಕ ಇಲ್ಲ. ಮಿಲ್ಲಿಂದ ಎಷ್ಟು ಚೀಲ ಅಕ್ಕಿ ಬಂತು ಅನ್ನೋದು ಪುಸ್ತಕದಲ್ಲಿದೆ. ನುಚ್ಚು ಬೇರೆ ತೂಗುವ ಪದ್ಧತಿ ನಮ್ಮಲ್ಲಿಲ್ಲ. ತೌಡು, ಹೊಟ್ಟು ಮಿಲ್ಲಿನವರೇ ಇಟ್ಟುಕೊಳ್ಳುತ್ತಾರೆ. ಅಪ್ಪನ ಕಾಲದಿಂದ ಹಾಗೇ. ಅದಕ್ಕೇ ಮಿಲ್ಲಿಂಗ್ ಚಾರ್ಜು ಕಡಿಮೆ.

ಗಾಣ ಚಳ್ಳಕೆರೆ:
ಒಂದ್ನಿಮಿಷ. ಭಟ್ಟಿಗೆ ಉರಿಸೋಕೆ ಹೊಟ್ಟು ಎಲ್ಲಿಂದ ತರ್ತೀರಿ?

ಭಟ್ಟಿಮನೆ, ದಾವಣಗೆರೆ:
ಅದೇ ಮಿಲ್ಲಿಂದ ಅಣ್ಣ. ಲೋಡಿಗೆ ಇಷ್ಟು ಅಂತ.

ಗಾಣ ಚಳ್ಳಕೆರೆ:
ಅಂದರೆ ನಿಮ್ಮದೇ ಭತ್ತದ ಹೊಟ್ಟು ಬಿಟ್ಟುಕೊಟ್ಟು, ಅದನ್ನೇ ದುಡ್ಡು ಕೊಟ್ಟು ವಾಪಸ್ ತರುತ್ತಿದ್ದೀರಿ! ಮೇಲೆ ತೌಡು ಬೇರೆ ಕೊಟ್ಟು ಬರುತ್ತೀರಿ. ಮಿಲ್ಲಿನ ಸಾವ್ಕಾರ್ರು ಜಾಣರು. ಅವರ ತಪ್ಪೇನಿಲ್ಲ ಬಿಡಿ, ಕೇಳದವರಿಗೆ ಯಾರು ಕೊಡ್ತಾರೆ.

ತೌಡಿನ ವಿಷಯ ನನಗೆ ಗೊತ್ತು, ಎಣ್ಣೆ ನಮ್ಮ ಕಸುಬು. ಬೇಯಿಸಿದ ಭತ್ತದ ತೌಡಿಗೆ ಹಸಿ ಭತ್ತದ ತೌಡಿಗಿಂತ ಬೆಲೆ ಇರಬೇಕು. ಎಣ್ಣೆ ಅಂಶ ಜಾಸ್ತಿ, ಶೇಕಡಾ 20ಕ್ಕೂ ಮೇಲೆ ಹೋಗುತ್ತದೆ. ಭತ್ತ ಬೆಂದಾಗ ತೌಡು ಕೆಡಿಸುವ ಕಿಣ್ವ ಸಾಯುತ್ತದೆ, ಹಾಗಾಗಿ ಬೇಗ ಹುಳಿ ಹಿಡಿಯುವುದಿಲ್ಲ. ತೌಡಿನಿಂದ ಎಣ್ಣೆ ತೆಗೆಯುವ ಸಾಲ್ವೆಂಟ್ ಪ್ಲಾಂಟಿನವರು ಇದನ್ನ ಹುಡುಕಿಕೊಂಡು ಬರ್ತಾರೆ. ನೀವು ಅದನ್ನು ದನದ ಮೇವಿನ ಲೆಕ್ಕದಲ್ಲಿ ಬಿಟ್ಟಿದ್ದೀರಿ.

ಮುಂದಿನ ಸಲ ಮಿಲ್ಲಿನವರಿಗೆ ಎರಡು ರೇಟು ಕೇಳಿ. ತೌಡು ಹೊಟ್ಟು ನಿಮಗೆ ಬಿಟ್ಟರೆ ಎಷ್ಟು, ನಾನೇ ಒಯ್ದರೆ ಎಷ್ಟು. ಎರಡನ್ನೂ ಕಾಗದದ ಮೇಲೆ ಬರೆದು ಕಳೆಯಿರಿ. ಗೊತ್ತಾಗುತ್ತದೆ.

ಕೆಟಿಜೆ ನಗರ:
ಸುಮ್ನೆ ಕೇಳ್ತೀನಿ, ಪೋಲು ಹುಡುಕಿ ಕಡಿಮೆ ಮಾಡೋ ಈ ಲೀನ್, ಕೈಜೆನ್ ಅಂತ ಜಪಾನ್ ಪದ್ಧತಿಯ ಮಾತೆಲ್ಲ ಬಿಡದಿಯ ಟೊಯೋಟಾ ಫ್ಯಾಕ್ಟರಿಗೆ ಸರಿ. ಹತ್ತು ಜನ ಕೆಲಸ ಮಾಡುವ ಭಟ್ಟಿಗೆ ಯಾಕೆ? ನಮ್ಮ ಕಡೆ ಗೋಡೆಗೆ ಬೋರ್ಡ್ ಹೊಡೆದು, ನೆಲಕ್ಕೆ ಹಳದಿ ಪಟ್ಟೆ ಬಳಿದು ಫೋಟೋ ತೆಗೆಸಿಕೊಂಡವರನ್ನ ನೋಡಿದ್ದೀನಿ. ಲಾಭ ಆಗಿದ್ದು ಪೇಂಟ್ ಅಂಗಡಿಯವನಿಗೆ.

ಹರಿಹರದ ಲೇತ್:
ಪಟ್ಟೆ ವಿಷಯ ಒಪ್ಪಿದೆ. ಆದರೆ ಆ ಪದ್ಧತಿ ಹುಟ್ಟಿದ್ದು ದುಡ್ಡಿರುವ ಕಡೆ ಅಲ್ಲ. ಯುದ್ಧ ಮುಗಿದ ಮೇಲೆ ಟೊಯೋಟಾ ದಿವಾಳಿ ಅಂಚಿಗೆ ಬಂದಿತ್ತು. 1950ರಲ್ಲಿ ದೊಡ್ಡ ಮುಷ್ಕರ ಆಗಿ, ಕಂಪನಿ ಕಟ್ಟಿದ ಕೀಚಿರೋ ಟೊಯೋಡಾ ಅವರೇ ಕುರ್ಚಿ ಬಿಡಬೇಕಾಯಿತು. ಹೊಸ ಮಶೀನ್ ತರೋಕೆ, ಗೋಡೌನ್ ತುಂಬೋಕೆ ಕಾಸಿಲ್ಲದ ಹೊತ್ತಲ್ಲಿ ತಾಯಿಚಿ ಓನೋ ಅನ್ನುವವರು ಇರೋದರಲ್ಲೇ ಪೋಲು ಹುಡುಕಿದರು. ಅವರು ಪಟ್ಟಿ ಮಾಡಿದ್ದು ಏಳು: ಬೇಕಿದ್ದಕ್ಕಿಂತ ಜಾಸ್ತಿ ಮಾಡೋದು, ಕಾಯೋದು, ಸುಮ್ನೆ ಸಾಗಿಸೋದು, ಬೇಡದ ಕೆಲಸ, ಸ್ಟಾಕ್ ಪೇರಿಸೋದು, ಓಡಾಟ, ಕೆಟ್ಟ ಮಾಲು. ನೆಲದ ಮೇಲೆ ಬಿದ್ದ ಕಸ ಅದರಲ್ಲಿ ಇಲ್ಲವೇ ಇಲ್ಲ ನೋಡಿ.

ಏಳನ್ನೂ ಭಟ್ಟಿಗೆ ಹೊಂದಿಸಬೇಕು ಅಂತೇನಿಲ್ಲ. ಎರಡು ಸಾಕು. ಒಂದು ಕೆಟ್ಟ ಮಾಲು. ಇನ್ನೊಂದು ಜಾಸ್ತಿ ಮಾಡಿಟ್ಟ ಮಾಲು. ಮಳೆಗಾಲದಲ್ಲಿ ಮಂಡಕ್ಕಿ ಮಾಡಿಟ್ಟರೆ ಏನಾಗುತ್ತೆ ಅಂತ ದಾವಣಗೆರೆಯವರಿಗೆ ನಾನು ಹೇಳಬೇಕಾ?

ಕೆಟಿಜೆ ನಗರ:
ಮೆತ್ತಗಾಗಿ ಮಿರ್ಚಿ ಜೊತೆಗೂ ನಡೆಯಲ್ಲ 😀

ಅಕ್ಕಿಮಿಲ್ ಹೊನ್ನಾಳಿ:
ಭಟ್ಟಿಮನೆಯವರೇ, ನುಚ್ಚಿನ ವಿಷಯಕ್ಕೆ ಬರ್ತೀನಿ. ನಾವು ಕುಸುಬಲಕ್ಕಿ ಮಾಡುವವರು. ಬೇಯಿಸಿದ ಭತ್ತ ಹೇಗೆ ಒಣಗಿಸ್ತೀರಿ?

ಭಟ್ಟಿಮನೆ, ದಾವಣಗೆರೆ:
ಸಿಮೆಂಟ್ ಕಣದಲ್ಲಿ ಹರಡುತ್ತೇವೆ. ಬಿಸಿಲು ಚೆನ್ನಾಗಿದ್ದರೆ ಒಂದೇ ದಿನದಲ್ಲಿ ಆಗಿಬಿಡುತ್ತದೆ. ಬೇಸಿಗೆಯಲ್ಲಿ ಸಂಜೆಯೇ ಮಿಲ್ಲಿಗೆ ಕಳಿಸ್ತೇವೆ.

ಅಕ್ಕಿಮಿಲ್ ಹೊನ್ನಾಳಿ:
ಅಲ್ಲೇ ಇದೆ ನಿಮ್ಮ ನುಚ್ಚು. ಮಿಲ್ಲಿನಲ್ಲಿ ಒಡೆಯೋದು ಕಾಣುತ್ತೆ, ಆದರೆ ಕಾಳು ಬಿರುಕು ಬಿಟ್ಟಿರೋದು ಕಣದಲ್ಲಿ. ಬೆಂದ ಭತ್ತದ ತೇವ ಶೇಕಡಾ 16-18ಕ್ಕೆ ಇಳಿಯುವ ತನಕ ಬಿಸಿಲಿಗೆ ಹಾಕಿ, ತೊಂದರೆಯಿಲ್ಲ. ಅದರ ಕೆಳಗೆ ಒಂದೇ ಸಮನೆ ಸುಡು ಬಿಸಿಲಲ್ಲಿ ಎಳೆದರೆ ಕಾಳಿನ ಹೊರಗಡೆ ಒಣಗಿರುತ್ತೆ, ಒಳಗಡೆ ಇನ್ನೂ ಹಸಿ ಇರುತ್ತೆ. ಕಾಳು ಸೀಳುತ್ತದೆ. ಆ ಹಂತದಲ್ಲಿ ಗುಡ್ಡೆ ಮಾಡಿ, ತಾಡಪಾಲು ಹೊದೆಸಿ, ನಾಲ್ಕಾರು ಗಂಟೆ ಬಿಡಬೇಕು. ರಾತ್ರಿ ಪೂರ್ತಿ ಬಿಟ್ಟರೆ ಇನ್ನೂ ಒಳ್ಳೆಯದು. ಒಳಗಿನ ತೇವ ಹೊರಗೆ ಬಂದು ಸಮ ಆಗುತ್ತದೆ. ಮರುದಿನ ಎಳೆ ಬಿಸಿಲಿಗೆ ಹಾಕಿ 13-14ಕ್ಕೆ ತನ್ನಿ.

ಇದಕ್ಕೆ ಖರ್ಚು ಒಂದು ತಾಡಪಾಲು, ಒಂದು ತೇವ ಅಳೆಯುವ ಮೀಟರ್. ಎಪಿಎಂಸಿಯಲ್ಲಿ ಮೆಕ್ಕೆಜೋಳ ಹಿಡಿಯುವ ವ್ಯಾಪಾರಿಗಳ ಹತ್ತಿರ ಇರುತ್ತಲ್ಲ, ಅದೇ.

ಲೆಕ್ಕ ಹೀಗೆ ಹಾಕಿ. ಕ್ವಿಂಟಾಲಿಗೆ ಮೂರು ಕಿಲೋ ನುಚ್ಚು ಕಡಿಮೆ ಆಯಿತು ಅಂತಿಟ್ಟುಕೊಳ್ಳಿ. ಇಡೀ ಅಕ್ಕಿಗೂ ನುಚ್ಚಿಗೂ ಕಿಲೋಗೆ 20 ರೂಪಾಯಿ ಫರಕು ಇದ್ದರೆ ಕ್ವಿಂಟಾಲಿಗೆ 60 ರೂಪಾಯಿ. ದಿನಕ್ಕೆ ಇಪ್ಪತ್ತು ಕ್ವಿಂಟಾಲ್ ಮಾಡಿದರೆ 1,200. ತಿಂಗಳಿಗೆ 25 ದಿನ ಹಿಡಿದರೂ 30,000 ರೂಪಾಯಿ. ಯಾವ ಗಿರಾಕಿಗೂ ರೇಟು ಏರಿಸದೆ ಬಂದ ದುಡ್ಡು. ನಿಮ್ಮ ಊರಿನ ರೇಟು ಹಾಕಿ ನೋಡಿ.

ಜರಡಿ ಅಕ್ಕ:
ನಾನು ಭಟ್ಟಿ ಕೆಲಸದವಳು. ಯಾವ ಭಟ್ಟಿ ಅಂತ ಹೇಳಲ್ಲ. ಮಗಳ ಫೋನಿಂದ ಬರೆಯುತ್ತಿದ್ದೇನೆ.

ಎಲ್ಲಾರೂ ತೂಕ, ಬಿಸಿಲು ಅಂತೀರಿ. ನಮಗೆ ಕೂಲಿ ಚೀಲದ ಲೆಕ್ಕ. ಎಷ್ಟು ಚೀಲ ತುಂಬಿತೋ ಅಷ್ಟು ದುಡ್ಡು. ಹುರಿಯೋ ಬಾಣಲೆಯ ಉಸುಕು ಸರಿಯಾಗಿ ಬಿಸಿ ಆಗೋ ತನಕ ಕೂತರೆ ನಮ್ಮ ಹೊಟ್ಟೆ ಮೇಲೆ ಹೊಡೆತ. ಹಾಗಾಗಿ ಬೇಗ ಬೇಗ ಹಾಕ್ತೀವಿ. ಕೆಲವು ಅರಳ್ತವೆ, ಕೆಲವು ಅರಳಲ್ಲ. ಚೀಲ ತುಂಬುತ್ತೆ, ಅಷ್ಟೇ. ಅರಳದ ಕಾಳು ಎಷ್ಟು ಅಂತ ಯಾರೂ ಕೇಳಲ್ಲ.

ಇನ್ನೊಂದು. ಜರಡಿಯ ಮೂಲೆಯಲ್ಲಿ ಹರಿದಿದೆ. ತಂತಿಯಲ್ಲಿ ಕಟ್ಟಿಕೊಂಡಿದ್ದೀವಿ. ಅಲ್ಲಿಂದ ಸಣ್ಣ ಮಂಡಕ್ಕಿ ಎಲ್ಲಾ ಉಸುಕಿನ ಜೊತೆ ಕೆಳಗೆ ಹೋಗಿ ಮತ್ತೆ ಬಾಣಲೆಗೆ ಬೀಳುತ್ತೆ, ಸುಟ್ಟು ಕರಿ ಆಗುತ್ತೆ. ಆ ಕರಿ ಕಾಳು ಮುಂದಿನ ಒಬ್ಬೆಯಲ್ಲಿ ಬಿಳಿ ಮಂಡಕ್ಕಿ ಜೊತೆ ಸೇರುತ್ತೆ. ಆರಿಸೋಕೆ ಇನ್ನಿಬ್ಬರು ಕೂರಬೇಕು. ಹೊಸ ಜರಡಿ ತನ್ನಿ ಅಂತ ಹೇಳಿ ಹೇಳಿ ಸಾಕಾಗಿದೆ. ಮಾಲೀಕರು ಲಕ್ಷಗಟ್ಟಲೆ ಮಶೀನ್ ನೋಡ್ತಾರೆ, ಜರಡಿ ನೋಡಲ್ಲ.

ಹರಿಹರದ ಲೇತ್:
ಅಕ್ಕ, ಇಡೀ ಚರ್ಚೆಯಲ್ಲಿ ಇದೇ ಕೆಲಸದ ಮಾತು. ಮಾಲೀಕ ಭತ್ತ ತೂಕದಲ್ಲಿ ಕೊಳ್ಳುತ್ತಾನೆ, ಮಂಡಕ್ಕಿ ಸೇರಿನ ಅಳತೆಯಲ್ಲಿ ಮಾರುತ್ತಾನೆ. ಅಂದರೆ ಲಾಭ ಇರೋದೇ ಅರಳುವುದರಲ್ಲಿ. ಕೂಲಿ ಕೊಡೋದು ಮಾತ್ರ ಚೀಲಕ್ಕೆ. ಯಾವುದಕ್ಕೆ ದುಡ್ಡು ಕೊಡ್ತೀಯೋ ಅದೇ ಸಿಗೋದು.

ಕೆಟಿಜೆ ನಗರ:
ಕಾಕಾ, ಅರಳೋದರಲ್ಲಿ ಅಷ್ಟು ಫರಕು ಬರುತ್ತಾ? ಒಳ್ಳೆ ಭಟ್ಟಿಗೂ ಕೆಟ್ಟ ಭಟ್ಟಿಗೂ?

ಬಿಐಇಟಿ ಮೆಕ್ಯಾನಿಕಲ್:
ಬರುತ್ತೆ ಸರ್. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ 1980ರ ದಶಕದಲ್ಲೇ ಇದರ ಮೇಲೆ ಕೆಲಸ ಆಗಿದೆ. ಹುರಿಯುವ ಹೊತ್ತಿಗೆ ಅಕ್ಕಿಯಲ್ಲಿ ತೇವ ಶೇಕಡಾ 10.5ರಿಂದ 11, ಉಸುಕಿನ ಶಾಖ ಸುಮಾರು 250 ಡಿಗ್ರಿ ಇದ್ದರೆ ಅತಿ ಹೆಚ್ಚು ಅರಳುತ್ತದೆ. ಆಗ ಒಂದು ಲೀಟರ್ ಅಕ್ಕಿ ಎಂಟು ಲೀಟರ್ ಆಸುಪಾಸು ಮಂಡಕ್ಕಿ ಆಗುತ್ತದೆ. ಅಕ್ಕಿ ತೀರಾ ಒಣಗಿದ್ದರೆ ಒಳಗೆ ಹಬೆಯೇ ಹುಟ್ಟುವುದಿಲ್ಲ. ಹಸಿ ಜಾಸ್ತಿ ಇದ್ದರೆ ಗಟ್ಟಿಯಾಗುತ್ತದೆ. ಎಂಟರ ಬದಲು ಏಳು ಲೀಟರ್ ಬಂದರೆ ಎಂಟರಲ್ಲಿ ಒಂದು ಪಾಲು ಮಾಲು ಹೋಯಿತು. ಅದು ಕಸದ ಬುಟ್ಟಿಯಲ್ಲಿ ಕಾಣುವುದಿಲ್ಲ, ಯಾಕಂದರೆ ಅದು ಹುಟ್ಟಲೇ ಇಲ್ಲ.

ಶಾಖ ಅಳೆಯೋಕೆ ಇನ್‌ಫ್ರಾರೆಡ್ ಗನ್ ಸಿಗುತ್ತದೆ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದದ್ದು ಅಲ್ಲ, ಅದು ಜ್ವರದ ಮಟ್ಟಕ್ಕೇ ನಿಂತುಬಿಡುತ್ತದೆ. ಕಾರ್ಖಾನೆಗೆ ಅಂತ ಬೇರೆ ಬರುತ್ತೆ, 400-500 ಡಿಗ್ರಿ ತೋರಿಸುವಂಥದ್ದು. ಅದನ್ನೇ ಕೇಳಿ ತಗೊಳ್ಳಿ.

ಜರಡಿ ಅಕ್ಕ:
ಗನ್ ಬೇಡ ತಮ್ಮಾ. ನಾಲ್ಕು ಕಾಳು ಹಾಕಿದರೆ ಗೊತ್ತಾಗುತ್ತೆ. ತಕ್ಷಣ ಚಟ್ ಅಂದು ಮೇಲೆ ಬಂದರೆ ಸರಿ. ಸುಮ್ನೆ ಕೂತರೆ ಇನ್ನೂ ಕಾಯಬೇಕು. ಹಳದಿ ಆದರೆ ಜಾಸ್ತಿ ಆಯಿತು ಅಂತ.

ಬಿಐಇಟಿ ಮೆಕ್ಯಾನಿಕಲ್:
ನಿಮಗೆ ಬೇಡ ಅಕ್ಕ, ನಿಮ್ಮ ಕೈ ಸಾಕು. ನೀವು ರಜೆ ಹಾಕಿದ ದಿನ ಬರುವ ಹೊಸಬರಿಗೆ ಬೇಕು.

ಲೇಬರ್ ಕಾಲೋನಿ:
ಎಲ್ಲಾ ಸರಿ. ಆದರೆ 'ವೇಸ್ಟ್ ಕಡಿಮೆ ಮಾಡ್ತೀವಿ' ಅಂತ ಶುರುವಾದದ್ದು ಕೊನೆಗೆ 'ಜನ ಕಡಿಮೆ ಮಾಡ್ತೀವಿ' ಅಂತ ಮುಗಿಯುತ್ತೆ. ಮೇಲೆ ಹೇಳಿದ 1950ರ ಮುಷ್ಕರ ಯಾಕಾಯ್ತು? ಕೆಲಸದವರನ್ನ ತೆಗೆದದ್ದಕ್ಕೇ ಅಲ್ವಾ? ಈ ಊರಲ್ಲಿ ಹತ್ತಿ ಗಿರಣಿಗಳು ಒಂದೊಂದೇ ಬಾಗಿಲು ಹಾಕಿದ್ದನ್ನ ನೋಡಿದವರು ನಾವು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಆರಿಸೋ ಇಬ್ಬರು ಹೆಂಗಸರಿಗೆ ಕೆಲಸ ಹೋದರೆ ಅದನ್ನ ಲಾಭ ಅನ್ನಬೇಡಿ.

ಹರಿಹರದ ಲೇತ್:
ನೀವು ಹೇಳಿದ್ದು ನಿಜ. ಆ ಸಲ ಕಂಪನಿ ಜನರನ್ನ ತೆಗೆಯಿತು, ಅದಕ್ಕೇ ಗಲಾಟೆ ಆಯಿತು. ಕೆಲಸ ಹೋಗುತ್ತೆ ಅಂತ ಗೊತ್ತಾದರೆ ಜರಡಿ ಹರಿದಿದೆ ಅಂತ ಯಾರೂ ಬಾಯಿ ಬಿಡಲ್ಲ. ಮಾಲೀಕ ಮೊದಲ ದಿನವೇ ಮಾತು ಕೊಡಬೇಕು, ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಆರಿಸೋ ಇಬ್ಬರು ಪ್ಯಾಕಿಂಗಿಗೆ ಹೋಗಲಿ. ಈಗ ಸಣ್ಣ ಪ್ಯಾಕೆಟ್ಟಿಗೆ ಗಿರಾಕಿ ಇದೆ.

ಗಾಣ ಚಳ್ಳಕೆರೆ:
ನಮ್ಮಲ್ಲೂ ಇದೇ ಕಥೆ, ಬೇರೆ ರೂಪ. ಶೇಂಗಾ ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುತ್ತೆ. ಎಕ್ಸ್‌ಪೆಲ್ಲರ್ ಅಂದರೆ ಎಣ್ಣೆ ಹಿಂಡುವ ಮಶೀನಿಂದ ಬಂದ ಹಿಂಡಿಯಲ್ಲಿ ಇನ್ನೂ ಶೇಕಡಾ 6-8ರಷ್ಟು ಎಣ್ಣೆ ಇರುತ್ತೆ. ಆರಕ್ಕೂ ಎಂಟಕ್ಕೂ ಏನು ಮಹಾ ಫರಕು ಅನಿಸುತ್ತೆ. ಒಂದು ಟನ್ ಹಿಂಡಿಗೆ 20 ಕಿಲೋ ಎಣ್ಣೆ! ಅದನ್ನ ಹಿಂಡಿ ರೇಟಿಗೆ ಮಾರಿದಂತೆ. ಮಶೀನಿನೊಳಗೆ ಹಿಂಡುವ ತಿರುಪು, ಅಂದರೆ ವರ್ಮು, ಸವೆದಿದ್ದರೆ, ಬೀಜ ಹಸಿ ಇದ್ದರೆ ಎಣ್ಣೆ ಹಿಂಡಿಯಲ್ಲೇ ಉಳಿಯುತ್ತೆ. ಮಶೀನ್ ಮಾತ್ರ ಓಡ್ತಾನೇ ಇರುತ್ತೆ, ಕರೆಂಟ್ ಬಿಲ್ಲು ಬರ್ತಾನೇ ಇರುತ್ತೆ. ಹಿಂಡಿಯನ್ನು ಆಗಾಗ ಲ್ಯಾಬಿಗೆ ಕಳಿಸೋದು ದುಬಾರಿ ಅನಿಸಬಹುದು. ಕಳಿಸದೇ ಇರೋದು ಅದಕ್ಕಿಂತ ದುಬಾರಿ.

ಫ್ಯಾಬ್ರಿಕೇಶನ್ ಲೋಕಿಕೆರೆ ರಸ್ತೆ:
ಕರೆಂಟ್ ಅಂದಿರಿ ಅಂತ ಹೇಳ್ತೀನಿ. ಒತ್ತಡದ ಗಾಳಿ ಕೊಡುವ ಕಂಪ್ರೆಸರ್ ಇಟ್ಟುಕೊಂಡವರು ಇದನ್ನ ಮಾಡಿ ನೋಡಿ. ಊಟದ ಹೊತ್ತಲ್ಲಿ ಎಲ್ಲಾ ಏರ್ ಟೂಲ್ ಬಂದ್ ಮಾಡಿ, ಕಂಪ್ರೆಸರ್ ಮಾತ್ರ ಚಾಲೂ ಬಿಡಿ. ಯಾರೂ ಗಾಳಿ ಬಳಸ್ತಿಲ್ಲ, ಆದ್ದರಿಂದ ಟ್ಯಾಂಕ್ ತುಂಬಿದ ಮೇಲೆ ಅದು ಮತ್ತೆ ಲೋಡ್ ತಗೋಬಾರದು, ಅಂದರೆ ಗಾಳಿ ತುಂಬೋಕೆ ಶುರು ಮಾಡಬಾರದು. ತಗೊಂಡರೆ ಸೋರಿಕೆ. ಲೋಡಲ್ಲಿ ಎಷ್ಟು ಹೊತ್ತು, ಖಾಲಿ ಎಷ್ಟು ಹೊತ್ತು ಅಂತ ಮೊಬೈಲಲ್ಲಿ ಟೈಮ್ ಹಿಡಿಯಿರಿ. ಲೋಡಿನ ಹೊತ್ತನ್ನು ಒಟ್ಟು ಹೊತ್ತಿನಿಂದ ಭಾಗಿಸಿದರೆ ಸೋರಿಕೆಯ ಪಾಲು ಸಿಕ್ಕಿತು. ಎರಡು ನಿಮಿಷ ಲೋಡ್, ಆರು ನಿಮಿಷ ಖಾಲಿ ಅಂದರೆ ನಾಲ್ಕರಲ್ಲಿ ಒಂದು ಪಾಲು ಗಾಳಿ ಆಕಾಶಕ್ಕೆ.

7 ಬಾರ್ ಒತ್ತಡದಲ್ಲಿ 3 ಮಿಲಿಮೀಟರ್ ತೂತು ಮೂರೂವರೆ ನಾಲ್ಕು ಕಿಲೋವ್ಯಾಟ್ ತಿನ್ನುತ್ತದೆ. ದಿನಕ್ಕೆ ಹತ್ತು ಗಂಟೆ, ತಿಂಗಳಿಗೆ 25 ದಿನ, ಯೂನಿಟ್ಟಿಗೆ 7 ರೂಪಾಯಿ ಹಿಡಿದರೆ ಆರೇಳು ಸಾವಿರ. ಸೋಪಿನ ನೀರು ಹಚ್ಚಿದರೆ ಗುಳ್ಳೆ ಎದ್ದು ಜಾಗ ತೋರಿಸುತ್ತೆ. ಹೆಚ್ಚಿನ ಕಡೆ ಪೈಪು ಅಲ್ಲ, ಹೋಸ್ ಕ್ಲಾಂಪು ಸಡಿಲ ಇರುತ್ತೆ.

ಕೆಟಿಜೆ ನಗರ:
ಭಟ್ಟಿಯಲ್ಲಿ ಕಂಪ್ರೆಸರ್ ಇಲ್ಲ ಗುರುಗಳೇ 😀 ಹೊಟ್ಟು ಉರಿಸೋದರ ಬಗ್ಗೆ ಯಾರಾದರೂ ಹೇಳಿ.

ಬಿಐಇಟಿ ಮೆಕ್ಯಾನಿಕಲ್:
ಬೂದಿ ಬಣ್ಣ ನೋಡಿ ಸಾಕು. ಹೊಟ್ಟು ಪೂರ್ತಿ ಉರಿದರೆ ಐದರಲ್ಲಿ ಒಂದು ಪಾಲಿನ ಹತ್ತಿರ ಬೂದಿ ಉಳಿಯುತ್ತೆ, ಬೂದು-ಬಿಳಿ ಬಣ್ಣ, ಬಹುಪಾಲು ಸಿಲಿಕಾ. ಬೂದಿ ಕಪ್ಪಗಿದ್ದರೆ ಅದರಲ್ಲಿ ಉರಿಯದ ಇಂಗಾಲ ಇದೆ. ಅಂದರೆ ನೀವು ದುಡ್ಡು ಕೊಟ್ಟು ತಂದ ಶಾಖ ಬೂದಿ ಗುಡ್ಡೆಗೆ ಹೋಗುತ್ತಿದೆ. ಚಿಮಣಿಯಲ್ಲಿ ಕಪ್ಪು ಹೊಗೆ ಬಂದರೂ ಅದೇ ಅರ್ಥ. ಗಾಳಿ ಸಾಲದು, ಇಲ್ಲವೇ ಒಂದೇ ಸಲ ಜಾಸ್ತಿ ಹೊಟ್ಟು ಸುರಿದಿದ್ದಾರೆ. ಸ್ವಲ್ಪ ಸ್ವಲ್ಪ, ಒಂದೇ ಸಮನೆ ಬೀಳುವ ಹಾಗೆ ಮಾಡಬೇಕು. ಇನ್ನೊಂದು, ಹೊಟ್ಟು ಬಯಲಲ್ಲಿ ನೆನೆಯುತ್ತಾ ಬಿದ್ದಿದ್ದರೆ ಶಾಖದ ಒಂದು ಪಾಲು ಆ ನೀರು ಆವಿ ಮಾಡೋದಕ್ಕೇ ಹೋಗುತ್ತೆ. ಒಂದು ಶೀಟು ಹಾಕಿಸಿ.

ಲೇಬರ್ ಕಾಲೋನಿ:
ಹಳೇ ಟೈರು ಉರಿಸ್ತಿದ್ದ ಕಾಲದ ಹೊಗೆ ಈ ಏರಿಯಾದವರಿಗೆ ಇನ್ನೂ ಮರೆತಿಲ್ಲ. ಹೊಗೆ ಕಡಿಮೆ ಆದರೆ ದುಡ್ಡೂ ಉಳಿಯುತ್ತೆ ಅಂತ ಆವಾಗಲೇ ಯಾರಾದರೂ ಲೆಕ್ಕ ಹಾಕಿ ತೋರಿಸಿದ್ದರೆ ಬೇಗ ನಿಲ್ಲುತ್ತಿತ್ತೇನೋ.

ಅಕೌಂಟ್ಸ್ ಅಕ್ಕ, ಪಿಜೆ ಬಡಾವಣೆ:
ಸರ್ಕಾರದ ಕಡೆಯಿಂದ ಸಿಗೋದನ್ನೂ ಬಿಡಬೇಡಿ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದ್ದರೆ 2023ರ ಮಾರ್ಚಲ್ಲಿ ಶುರುವಾದ ಲೀನ್ ಯೋಜನೆ ಇದೆ. ಸಲಹೆಗಾರರು ಬಂದು ನಿಂತು ಮಾಡಿಸುತ್ತಾರೆ, ಅದರ ವೆಚ್ಚದ ಶೇಕಡಾ 90ರಷ್ಟು ಕೇಂದ್ರ ಸರ್ಕಾರ ಕೊಡುತ್ತದೆ. ಗುಣಮಟ್ಟಕ್ಕೆ ಕೊಡುವ ಝೆಡ್ ಸರ್ಟಿಫಿಕೇಟ್ ಬೇರೆ ಇದೆ. ಅದರ ಶುಲ್ಕದಲ್ಲಿ ಅತಿ ಸಣ್ಣ ಘಟಕಕ್ಕೆ 80 ಭಾಗ ರಿಯಾಯಿತಿ. ಈಗಲೂ ನಡೆಯುತ್ತಿದೆಯಾ ಅಂತ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಆದರೆ ಸರ್ಟಿಫಿಕೇಟ್ ಗೋಡೆಗೆ ಹಾಕೋಕೆ ಅಂತ ಹೋಗೋದಾದರೆ ಹೋಗಬೇಡಿ. ನಿಮ್ಮ ತೂಕದ ಪುಸ್ತಕ ಮೊದಲು ಇರಲಿ, ಬಂದವರಿಗೆ ತೋರಿಸೋಕಾದರೂ ಏನಾದರೂ ಬೇಕಲ್ಲ.

ಮತ್ತೆ ಒಂದು ಲೆಕ್ಕದ ಮಾತು. ನೂರು ರೂಪಾಯಿ ವ್ಯಾಪಾರಕ್ಕೆ ಐದು ರೂಪಾಯಿ ಲಾಭ ಇರುವವರು ಖರ್ಚಿನಲ್ಲಿ ಎರಡು ರೂಪಾಯಿ ಉಳಿಸಿದರೆ ಲಾಭ ಏಳಾಯಿತು. ಅದೇ ಎರಡು ರೂಪಾಯಿ ವ್ಯಾಪಾರ ಹೆಚ್ಚಿಸಿ ಗಳಿಸಬೇಕು ಅಂದರೆ ಇನ್ನೂ 40 ರೂಪಾಯಿ ಮಾಲು ಮಾರಬೇಕು.

ಭಟ್ಟಿಮನೆ, ದಾವಣಗೆರೆ:
ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಇಷ್ಟು ದಿನ ಸುಮ್ಮನಿದ್ದೆ, ತೂಗುತ್ತಾ ಇದ್ದೆ.

ಹೊನ್ನಾಳಿಯವರು ಹೇಳಿದ ಹಾಗೆ ಒಂದು ಲಾಟ್ ಒಂದೇ ದಿನದಲ್ಲಿ ಒಣಗಿಸಿ, ಇನ್ನೊಂದು ಲಾಟ್ ರಾತ್ರಿ ಗುಡ್ಡೆ ಹಾಕಿ ಮಿಲ್ಲಿಗೆ ಕಳಿಸಿದೆ. ಎರಡೂ ಒಂದೇ ಭತ್ತ. ಎರಡನೇದರಲ್ಲಿ ನುಚ್ಚು ಕಣ್ಣಿಗೆ ಕಾಣುವಷ್ಟು ಕಡಿಮೆ. ಮಿಲ್ಲಿನವರೇ 'ಭತ್ತ ಬದಲಾಯಿಸಿದ್ರಾ' ಅಂತ ಕೇಳಿದರು. ಒಂದು ಲಾಟ್ ನೋಡಿ ಹೇಳೋದು ಸರಿಯಲ್ಲ ಗೊತ್ತು, ಮಳೆಗಾಲದಲ್ಲೂ ನೋಡಬೇಕು. ತೌಡಿನ ಮಾತಿಗೆ ಮಾತ್ರ ಅವರ ಮುಖ ಸ್ವಲ್ಪ ಗಂಟಾಯಿತು. ಹೊಟ್ಟು ಕೊಡೋಕೆ ಒಪ್ಪಿದ್ದಾರೆ, ತೌಡಿಗೆ ಇನ್ನೂ ಎಳೆದಾಡುತ್ತಿದ್ದಾರೆ.

ಕೂಲಿ ವಿಷಯ ಹುರಿಯುವವರ ಜೊತೆ ಕೂತು ಮಾತಾಡಿದೆ. ಚೀಲದ ದರ ಮುಟ್ಟಿಲ್ಲ. ಅದರ ಮೇಲೆ, ದಿನದ ಕೊನೆಗೆ ಅರಳದ ಕಾಳು ತೂಗಿ ಕಡಿಮೆ ಬಂದರೆ ಉಳಿದ ದುಡ್ಡಲ್ಲಿ ಅರ್ಧ ಅವರಿಗೆ ಅಂತ ಮಾಡಿದೆ. ಯಾರನ್ನೂ ತೆಗೆಯಲ್ಲ ಅಂತಲೂ ಹೇಳಿದ್ದೇನೆ. ಮಶೀನ್ ಈ ವರ್ಷ ಬೇಡ ಅಂತ ತೀರ್ಮಾನ.

ಜರಡಿ ಅಕ್ಕ:
ಅರಳದ ಕಾಳು ತೂಗೋವಾಗ ನಮ್ಮ ಎದುರಿಗೇ ತೂಗಬೇಕು. ಇಲ್ಲಾಂದ್ರೆ ಸಂಜೆಗೆ ಜಗಳ ಗ್ಯಾರಂಟಿ.

ಭಟ್ಟಿಮನೆ, ದಾವಣಗೆರೆ:
ಆಯ್ತು ಅಕ್ಕ. ತಕ್ಕಡಿ ಭಟ್ಟಿ ಹತ್ತಿರವೇ ಇಡಿಸ್ತೀನಿ, ಬರೆಯೋದು ಅವರ ಕೈಗೇ ಕೊಡ್ತೀನಿ.

ಫ್ಯಾಬ್ರಿಕೇಶನ್ ಲೋಕಿಕೆರೆ ರಸ್ತೆ:
ಜರಡಿ ಬೇಕಿದ್ದರೆ ಸ್ಟೀಲ್ ಜಾಲರಿಯಲ್ಲಿ ಮಾಡಿಕೊಡ್ತೀವಿ. ಸುತ್ತ ಪಟ್ಟಿ ಹಾಕಿ, ಮೂಲೆಯಲ್ಲಿ ಎರಡು ಪದರ ಕೊಟ್ಟರೆ ಹರಿಯಲ್ಲ. ಈಗಿರುವ ಜರಡಿಯ ತೂತಿನ ಅಳತೆ ಮಾತ್ರ ಸರಿಯಾಗಿ ತಗೊಂಡು ಬನ್ನಿ, ಉಸುಕು ಇಳಿಯಬೇಕು, ಮಂಡಕ್ಕಿ ನಿಲ್ಲಬೇಕು.

ಗಾಣ ಚಳ್ಳಕೆರೆ:
ತೌಡು ಕೈಗೆ ಬಂದ ಮೇಲೆ ಇಲ್ಲೇ ತಿಳಿಸಿ. ಹೊಸದಾಗಿದ್ದಾಗಲೇ ಸಾಗಿಸಬೇಕು, ಚೀಲದಲ್ಲಿ ಕೊಳೆಹಾಕಬೇಡಿ. ಕೊಳ್ಳುವವರು ಎಣ್ಣೆ ಅಂಶ ಟೆಸ್ಟ್ ಮಾಡಿ ರೇಟು ಹೇಳ್ತಾರೆ. ನೀವೂ ಒಂದು ಸ್ಯಾಂಪಲ್ ಬೇರೆ ಕಡೆ ಟೆಸ್ಟ್ ಮಾಡಿಸಿಕೊಂಡೇ ಮಾತಿಗೆ ಕೂರಿ.